ಮೂರನೇ ಮಹಡಿಯ ಪೂಲ್ ಟೇಬಲ್

ಮನೆ ಖಾಲಿ ಮಾಡಬೇಕೆಂಬ ಸುದ್ದಿ ಬಂದ ದಿನ ಆ ಮನೆಯವರು ಮನೆಯ ಬಗ್ಗೆ ಮಾತಾಡಿದ್ದು ಕಡಿಮೆ. ಊಟ ಮುಗಿಯುವವರೆಗೂ ಜಗಳವಾಡಿದ್ದು ಪೂಲ್ ಟೇಬಲ್ಲಿನ ಬಗ್ಗೆ. ಊಟಕ್ಕೆ ಕೂತಿದ್ದೂ ಅದರ ಸುತ್ತಲೇ.

ಮೂರನೇ ಮಹಡಿಯ ಆ ಮನೆಯ ನಡುಕೋಣೆಯನ್ನು ಟೇಬಲ್ಲು ಮುಕ್ಕಾಲು ಪಾಲು ನುಂಗಿಕೊಂಡಿತ್ತು. ಹಸಿರು ಬಟ್ಟೆಯ ಕೆಳಗೆ ಮೂರು ಕಲ್ಲಿನ ಹಲಗೆಗಳು, ಒಂದೊಂದೂ ದಷ್ಟಪುಷ್ಟ ಆಳಿಗಿಂತ ಭಾರ. ಹಾಲಿನ ಕಾರ್ಖಾನೆಯ ಕಾರ್ಮಿಕರ ಕ್ಲಬ್ಬು ಮುಚ್ಚಿದಾಗ, ಕ್ಲಬ್ಬಿನ ಉಸ್ತುವಾರಿ ನೋಡುತ್ತಿದ್ದ ಮನೆಯ ಯಜಮಾನರಿಗೆ ಅದನ್ನು ಪುಕ್ಕಟೆಯಾಗಿ ಕೊಟ್ಟಿದ್ದರು. ಜೊತೆಯವರನ್ನು ಕಟ್ಟಿಕೊಂಡು ಅದನ್ನು ಮೂರು ಮಹಡಿ ಹತ್ತಿಸಿದ ಕಥೆಯನ್ನು ಅವರು ಬಂದವರಿಗೆಲ್ಲ ಹೇಳುತ್ತಿದ್ದರು. ವರ್ಷ ಕಳೆದಂತೆ ಕಥೆಯಲ್ಲಿ ಕಲ್ಲು ಭಾರವಾಗುತ್ತ, ಹೊತ್ತವರು ಕಡಿಮೆಯಾಗುತ್ತ ಬಂದಿದ್ದರು. ಈಚೆಗೆ ಕೇಳಿದವರಿಗೆ ಯಜಮಾನರೊಬ್ಬರೇ ಹೊತ್ತಂತೆ ಅನಿಸುತ್ತಿತ್ತು.

ಮೊದಮೊದಲು ಅದರ ಮೇಲೆ ಚೆಂಡು ಉರುಳಿದ್ದುಂಟು. ಆಮೇಲೆ ಹೆಂಡತಿ ಪರದೆ ಹೊಲಿಯಲು ಶುರುಮಾಡಿದಳು. ಉದ್ದುದ್ದದ ಬಟ್ಟೆ ಹಾಸಿ ಕತ್ತರಿಸಲು ಜಾಗ ಬೇಕಿತ್ತು. ಟೇಬಲ್ಲಿನ ಅಂಚುಗಳ ನಡುವಿನ ತಗ್ಗಿಗೆ ಕಂಬಳಿ ತುಂಬಿ, ಮೇಲೆ ದಪ್ಪ ಪ್ಲೈವುಡ್ ಹಾಸಿದಳು. ಎಷ್ಟೇ ಒರಗಿ ಕತ್ತರಿ ಆಡಿಸಿದರೂ ಅಲುಗದ ಮೇಜು ಅದು. ಬೆಳಗ್ಗೆ ಕತ್ತರಿಸುವ ಮೇಜು, ಮಧ್ಯಾಹ್ನ ಇಸ್ತ್ರಿ ಮೇಜು, ಸಂಜೆ ಊಟದ ಮೇಜು. ಬೀದಿಯವರು ಅವಳನ್ನು ಪರದೆಯಮ್ಮ ಎಂದೇ ಕರೆಯುತ್ತಿದ್ದರು. ನಿಜವಾದ ಹೆಸರು ಅವಳಿಗೇ ಮರೆತುಹೋದಂತಿತ್ತು.

"ಮಾಲೀಕರ ಮಗಳಿಗೆ ಬೇಕಂತೆ ಮನೆ. ತಿಂಗಳ ಕೊನೆಗೆ ಬಿಟ್ಟುಕೊಡಿ ಅಂದ್ರು," ಎಂದು ಯಜಮಾನರು ಅನ್ನಕ್ಕೆ ಬೇಳೆ ಕಲಸುತ್ತ ಹೇಳಿದರು. "ಬಸ್ ಡಿಪೋ ಹಿಂದಿನ ಬೀದೀಲಿ ನೆಲಮಹಡಿ ಮನೆ ನೋಡಿದ್ದೀನಿ. ಮುಂದಿನ ರೂಮು ದೊಡ್ಡದು. ಗಡಿಯಾರ ರಿಪೇರಿ ಅಂಗಡಿ ಇತ್ತಂತೆ."

"ಒಳ್ಳೇದೇ ಆಯ್ತು," ಎಂದ ಮಗ. ಅವನಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಏನು ಹೇಳುವುದಿದ್ದರೂ ಮೊದಲು ತನ್ನ ಕನ್ನಡಕ ಒರೆಸಿಕೊಳ್ಳುವುದು ಅಭ್ಯಾಸ. "ಈ ಹೆಬ್ಬಂಡೆನ ಇಲ್ಲೇ ಮಾರಿಬಿಡೋಣ. ಅಮ್ಮನಿಗೆ ಹಗುರದ್ದೊಂದು ಮೇಜು ಕೊಂಡ್ರಾಯ್ತು."

"ಮಾರೋದಾ? ನಾಲಿಗೆ ಬಿಗಿ ಹಿಡಿದು ಮಾತಾಡು."

"ಮತ್ತೆ ಯಾರು ಇಳಿಸ್ತಾರೆ ಅದನ್ನ?"

"ಯಾರು ಹತ್ತಿಸಿದ್ರೋ ಅವರೇ."

ಸೊಸೆ ತಟ್ಟೆಯಿಂದ ಕತ್ತೆತ್ತಿದಳು. ಅವಳು ದೊಡ್ಡಾಸ್ಪತ್ರೆಯ ಮೂಳೆ ವಾರ್ಡಿನಲ್ಲಿ ನರ್ಸ್. "ಮಾವ, ನಮ್ ವಾರ್ಡಲ್ಲಿ ಅರ್ಧಕ್ಕರ್ಧ ಜನ ಬೀರು ಎತ್ತಕ್ಕೆ ಹೋಗಿ ಬಂದಿರೋರೇ. ಇಂಥ ಟೇಬಲ್ ಸಾಗಿಸೋದನ್ನೇ ಕಸುಬು ಮಾಡ್ಕೊಂಡಿರೋರು ಇದ್ದಾರೆ. ಕರೆಸೋಣ."

"ನನ್ ಮನೆ ಸಾಮಾನು ಎತ್ತಕ್ಕೆ ಕೂಲಿ ಕೊಟ್ಟು ಜನ ಕರೆಸೋದಾ? ಎರಡೂ ಕೈಲಿ ಹಾಲಿನ ಕ್ಯಾನು ಎತ್ತಿದೋನಮ್ಮ ನಾನು!"

"ಎತ್ತಿದ್ದು ಯಾವ ಕಾಲದಲ್ಲಿ ಅಪ್ಪಾ?" ಎಂದ ಮಗ.

ಅಲ್ಲಿಂದ ಮಾತಿಗೆ ಮಾತು ಬೆಳೆಯಿತು. ಮಾರಬೇಕು, ಹೊರಬೇಕು, ಕರೆಸಬೇಕು ಎಂದು ಮೂವರೂ ಮೂರು ದಿಕ್ಕಿಗೆ ಎಳೆದರು. ಪರದೆಯಮ್ಮ ಬಡಿಸುತ್ತಿದ್ದಳು. ಒಬ್ಬರೂ ಅವಳನ್ನು ಕೇಳಲಿಲ್ಲ. ಕೇಳಿದ್ದರೆ ಹೇಳಲು ಅವಳ ಬಳಿ ಒಂದು ಸುದ್ದಿಯಿತ್ತು. ಹೊಸದಾಗಿ ಕಟ್ಟಿದ ಹೆರಿಗೆ ಆಸ್ಪತ್ರೆಯವರು ಅಂದು ಬೆಳಗ್ಗೆ ಬಂದು ಎಲ್ಲ ಕಿಟಕಿಗಳಿಗೂ, ಹಾಸಿಗೆ ಹಾಸಿಗೆಯ ನಡುವಿನ ಮರೆಗೂ ಪರದೆ ಹೊಲಿದುಕೊಡಲು ಅವಳಿಗೇ ಒಪ್ಪಿಸಿ ಹೋಗಿದ್ದರು. ಅಷ್ಟು ದೊಡ್ಡ ಕೆಲಸ ಅವಳ ಕೈಗೆ ಯಾವತ್ತೂ ಬಂದಿರಲಿಲ್ಲ. ಆಸ್ಪತ್ರೆ ಬಾಗಿಲು ತೆರೆಯುವ ದಿನ ಗೊತ್ತಾಗಿತ್ತು. ಹೊಸ ಮನೆಗೆ ಹೋದ ಮರುದಿನದಿಂದಲೇ ಕತ್ತರಿ ಆಡಬೇಕು. ಆಡುವುದಕ್ಕೆ ಆ ಟೇಬಲ್ಲೇ ಬೇಕು.

ಜಗಳದ ನಡುವೆ ಆ ಸುದ್ದಿ ಹೇಳಿ ಹಾಳುಮಾಡಲು ಅವಳಿಗೆ ಮನಸ್ಸಾಗಲಿಲ್ಲ. ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಪಾತ್ರೆ ತೊಳೆಯುವಾಗ ಸೊಸೆಗೆ ಹೇಳಿದಳು. ಸೊಸೆ ಸೋಪಿನ ಕೈಯಲ್ಲೇ ಅವಳನ್ನು ತಬ್ಬಿಕೊಂಡಳು. "ಅತ್ತೆ! ಇಷ್ಟು ದೊಡ್ಡ ವಿಷಯ ಹೊಟ್ಟೇಲಿಟ್ಕೊಂಡು ಸುಮ್ನೆ ಬಡಿಸ್ತಾ ಇದ್ರಾ?"

"ನಿಮ್ ಮಾವನ ಕಲ್ಲು ಅದಕ್ಕಿಂತ ದೊಡ್ಡದಿತ್ತಲ್ಲ."

ಸೊಸೆ ಸುಮ್ಮನೆ ಕೂರುವವಳಲ್ಲ. ವಾರ ಕಳೆಯುವುದರೊಳಗೆ ಟೇಬಲ್ ಸಾಗಿಸುವ ಮೇಸ್ತ್ರಿಯೊಬ್ಬನನ್ನು ಹುಡುಕಿ ಮನೆಗೇ ಕರೆಸಿದಳು. ಗುಡಾಣದಂಥ ಹೊಟ್ಟೆ, ಗಂಟೆಯಂಥ ಗಂಟಲು, ಜೇಬಿನ ತುಂಬ ಕಡಲೇಬೀಜ. ಕಡಲೇಬೀಜ ಬಾಯಿಗೆ ಎಸೆದುಕೊಳ್ಳುತ್ತಲೇ ಟೇಬಲ್ಲಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಬಗ್ಗಿ ಅಡಿಯಲ್ಲಿ ಇಣುಕಿದ. ಮೆಟ್ಟಿಲಿನ ತಿರುವುಗಳಿಗೆ ಟೇಪು ಹಿಡಿದ.

"ಒಳ್ಳೇ ಕಲ್ಲು," ಎಂದ. "ಬಿಚ್ಚಿ, ಇಳಿಸಿ, ಅಲ್ಲಿ ಕೂರಿಸಿ, ಮಟ್ಟ ಮಾಡಿ ಕೊಡ್ತೀವಿ. ನನ್ನಂಥವನು ಈ ಊರಲ್ಲಿ ಇನ್ನೊಬ್ಬ ಸಿಗಲ್ಲ ಯಜಮಾನ್ರೇ. ನಾನೇ ಹುಡುಕಿ ನೋಡಿದ್ದೀನಿ." ಕೂಲಿ ಎಷ್ಟೆಂದೂ ಹೇಳಿದ.

ಯಜಮಾನರ ಮುಖ ಕೆಂಪೇರಿತು. "ಅಷ್ಟು ದುಡ್ಡಿಗೆ ನಿನ್ನನ್ನೂ ಸೇರಿಸಿ ಕೆಳಗಿಳಿಸ್ತೀನಿ. ನಡಿ."

ಮೇಸ್ತ್ರಿ ಬೇಜಾರು ಮಾಡಿಕೊಳ್ಳಲಿಲ್ಲ. "ಇಳೀವಾಗ ಕಲ್ಲು ಕೆಳಗಿರೋನ ಮೇಲೆ ಬೀಳತ್ತೆ, ಮೇಲಿರೋನ ಮೇಲಲ್ಲ. ಅಷ್ಟು ನೆನಪಿಟ್ಕೊಳ್ಳಿ," ಎಂದು ಇನ್ನೊಂದು ಬೀಜ ಬಾಯಿಗೆ ಹಾಕಿಕೊಂಡು ಮೆಟ್ಟಿಲಿಳಿದ. ಬಾಗಿಲಲ್ಲಿ ನಿಂತ ಪರದೆಯಮ್ಮನ ಕೈಗೆ ಫೋನ್ ನಂಬರಿನ ಚೀಟಿ ಕೊಟ್ಟ. ಅವಳು ಅದನ್ನು ಸೂಜಿ ಡಬ್ಬಿಗೆ ಹಾಕಿದಳು.

ಅವತ್ತಿನಿಂದ ಯಜಮಾನರು ಕೈಯಲ್ಲೊಂದು ಹಗ್ಗ ಹಿಡಿದೇ ಮನೆಯಲ್ಲಿ ಓಡಾಡತೊಡಗಿದರು. ದಿನಾ ಸಂಜೆ ಹಳೆಯ ಗೆಳೆಯ ಬಾಯ್ಲರ್ ಬರುತ್ತಿದ್ದ. ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದನೆಂದು ಬಂದ ಅಡ್ಡಹೆಸರು. ಈಗ ಅವನಿಗೆ ಎರಡು ಮಹಡಿ ಹತ್ತುವಷ್ಟರಲ್ಲಿ ಏದುಸಿರು ಬಂದು, ಮೂರನೆಯದಕ್ಕೆ ಮುಂಚೆ ಕೂತು ಸುಧಾರಿಸಿಕೊಳ್ಳಬೇಕಾಗುತ್ತಿತ್ತು. ಇಬ್ಬರೂ ಚಹಾ ಕುಡಿಯುತ್ತ, ಇಳಿಸುವ ಉಪಾಯಗಳನ್ನು ಪ್ಲೈವುಡ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಬೆಳಗ್ಗೆ ಪರದೆಯಮ್ಮ ಆ ಗೆರೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಕೆಲಸಕ್ಕೆ ಕೂರುತ್ತಿದ್ದಳು.

"ರೀ, ಒಂದ್ಸಲ ಯೋಚನೆ ಮಾಡಿ," ಎಂದಳು ಒಂದು ದಿನ.

"ನೀನು ನಿನ್ ಸೂಜಿದಾರ ನೋಡ್ಕೋ. ಗಂಡಸರ ಕೆಲಸಕ್ಕೆ ಯಾಕೆ ತಲೆ ಹಾಕ್ತೀಯ?"

ಪರದೆಯಮ್ಮ ಸೂಜಿಗೆ ದಾರ ಪೋಣಿಸಿದಳು.

ಮನೆ ಬಿಡಲು ಇನ್ನೂ ವಾರಕ್ಕೂ ಮಿಕ್ಕಿ ಸಮಯವಿರುವಾಗ ಅವಳು ಆಸ್ಪತ್ರೆಯ ಬಟ್ಟೆ ಆರಿಸಲು ಗಿರಣಿಯ ಮಳಿಗೆಗೆ ಹೋದಳು. ತಿಳಿನೀಲಿಯ ಥಾನುಗಳನ್ನು ಆಟೋದಲ್ಲಿ ಹೇರಿಕೊಂಡು ಮಧ್ಯಾಹ್ನದ ಹೊತ್ತಿಗೆ ವಾಪಸು ಬಂದರೆ, ಮೆಟ್ಟಿಲ ಮೇಲೆ ಬಾಯ್ಲರ್ ತಲೆಯ ಮೇಲೆ ಕೈಹೊತ್ತು ಕೂತಿದ್ದ.

"ನಾನು ಬೇಡ ಅಂದೆ ತಾಯಿ. ಬರೀ ಭಾರ ನೋಡೋಣ ಅಂದ..."

ಥಾನು ಅಲ್ಲೇ ಬಿಟ್ಟು ಮೇಲೆ ಓಡಿದಳು. ಪ್ಲೈವುಡ್ಡು ಗೋಡೆಗೆ ಒರಗಿತ್ತು. ಟೇಬಲ್ಲಿನ ಅಂಚುಗಳನ್ನು ಕಳಚಿ ಅಡುಗೆಮನೆಯ ಬಾಗಿಲಿಗೆ ಅಡ್ಡ ಇಟ್ಟಿದ್ದರು. ಹಸಿರು ಬಟ್ಟೆ ಎಳೆದ ರಭಸಕ್ಕೆ ಹರಿದು ಚಿಂದಿಯಾಗಿತ್ತು. ನಡುವಿನ ಕಲ್ಲಿನ ಹಲಗೆ ಚೌಕಟ್ಟಿನಿಂದ ಅರ್ಧ ಎದ್ದು ಓರೆಯಾಗಿ ಸಿಕ್ಕಿಕೊಂಡಿತ್ತು. ಅದರ ಪಕ್ಕದಲ್ಲಿ ನೆಲದ ಮೇಲೆ ಯಜಮಾನರು ಒಂದು ಮಗ್ಗುಲಾಗಿ ಬಿದ್ದಿದ್ದರು.

"ಅಲ್ಲಾಡಿಸಬೇಡ. ಬೆನ್ನು... ಬೆನ್ನು ಹಿಡ್ಕೊಂಡ್ಬಿಟ್ಟಿದೆ."

ಫೋನ್ ಮಾಡಿದ ಕೂಡಲೇ ಮಗ ಅಂಗಡಿಯಿಂದ ಬಂದ, ಸೊಸೆ ಡ್ಯೂಟಿ ಮಧ್ಯದಲ್ಲೇ ಓಡಿಬಂದಳು. ಕಾಲು ಎತ್ತಿಸಿ, ಬೆರಳು ಆಡಿಸಿ ನೋಡಿದಳು. "ಪುಣ್ಯ, ಮೂಳೆಗೆ ಏನೂ ಆಗಿಲ್ಲ. ಸ್ನಾಯು ಹಿಡ್ಕೊಂಡಿದೆ ಅಷ್ಟೆ. ಆದ್ರೆ ಹಾಸಿಗೆ ಬಿಟ್ಟು ಏಳೋ ಹಾಗಿಲ್ಲ," ಎಂದು ಹೇಳಿ, ಚಾದರದ ಮೇಲೆ ಹೊರಳಿಸಿ, ಗಂಡನೊಡನೆ ಸೇರಿ ಮಾವನನ್ನು ಮಂಚಕ್ಕೆ ಸಾಗಿಸಿದಳು.

ಮಗನಿಗೆ ಸಿಟ್ಟು ತಡೆಯಲಾಗಲಿಲ್ಲ. "ಕಾಲ ಮೇಲೆ ಬಿದ್ದಿದ್ರೆ? ಯಾರಿಗೆ ತೋರಿಸ್ಬೇಕಿತ್ತು ಈ ಪೈಲ್ವಾನಿಕೆ?"

ಯಜಮಾನರು ಗೋಡೆಯ ಕಡೆ ಮುಖ ತಿರುಗಿಸಿದರು. "ಗುಜರಿಯವನನ್ನ ಕರಿ. ಕಲ್ಲು ಒಡೆದು ತೆಗೆದ್ಕೊಂಡು ಹೋಗ್ಲಿ. ಇನ್ನು ಅದರ ಮಾತೇ ಬೇಡ ಈ ಮನೇಲಿ."

"ಸದ್ಯ!" ಎಂದ ಮಗ. "ನಾಳೇನೇ ಕರಿತೀನಿ."

ಆ ಸಂಜೆ ಊಟಕ್ಕೆ ಮೇಜಿರಲಿಲ್ಲ. ಕಳಚಿದ ಮರದ ಅಂಚುಗಳ ನಡುವೆ ನೆಲದ ಮೇಲೆ ತಟ್ಟೆ ಇಟ್ಟುಕೊಂಡು ಕೂತರು. ಮಗ ಗುಜರಿಯವನ ನಂಬರಿಗಾಗಿ ಮೊಬೈಲು ತಡಕುತ್ತಿದ್ದ. ಪರದೆಯಮ್ಮ ಅನ್ನದ ಪಾತ್ರೆಯನ್ನು ದಢಕ್ಕನೆ ನೆಲಕ್ಕಿಟ್ಟಳು.

"ಫೋನ್ ಕೆಳಗಿಡು."

ಮಗ ಕೆಳಗಿಟ್ಟ.

"ಅಪ್ಪ ಹೊರ್ತೀನಿ ಅಂದ್ರು, ನೀನು ಮಾರ್ತೀನಿ ಅಂದೆ. ಈಗ ಇಬ್ರೂ ಸೇರಿ ಒಡೀತೀವಿ ಅಂತಿದ್ದೀರ. ಆ ಟೇಬಲ್ ಮೇಲೆ ಬಟ್ಟೆ ಹಾಸಿ ಕತ್ತರಿಸಿ ಇಷ್ಟು ವರ್ಷ ಹೊಲಿದೋಳು ನಾನು. ನಿನ್ ಕಾಲೇಜು ಫೀಸು ಅದರ ಮೇಲೇ ಹುಟ್ಟಿದ್ದು. ಯಾರಾದ್ರೂ ಒಬ್ರು, ಒಂದೇ ಒಂದು ಸಲ, ನಿಂಗೇನು ಬೇಕು ಅಂತ ಕೇಳಿದ್ರಾ?"

ಯಜಮಾನರು ಮಲಗಿದ್ದ ಒಳಗಿನ ಕೋಣೆಯ ಬಾಗಿಲು ತೆರೆದೇ ಇತ್ತು.

"ಹೆರಿಗೆ ಆಸ್ಪತ್ರೆಯ ಪರದೆ ಪೂರ್ತಿ ನಂಗೆ ಬಂದಿದೆ. ಟೇಬಲ್ ಹೊಸ ಮನೆಗೆ ಬರತ್ತೆ. ಕಸುಬು ಗೊತ್ತಿರೋರೇ ಸಾಗಿಸ್ತಾರೆ. ಕೂಲಿ ನಾನು ಕೊಡ್ತೀನಿ. ನಾಳೆ ಮೇಸ್ತ್ರಿಗೆ ಫೋನ್ ಮಾಡೋದೂ ನಾನೇ."

"ಅಮ್ಮಾ, ಹೆರಿಗೆ ಆಸ್ಪತ್ರೆದಾ? ಪೂರ್ತಿನಾ? ಹೇಳಲೇ ಇಲ್ಲ!"

"ಹೇಳಕ್ಕೆ ನೀವು ಜಾಗ ಬಿಟ್ರೆ ತಾನೆ."

ಒಳಗಿಂದ ಯಜಮಾನರ ದನಿ ಬಂತು. "ಅದು ನನ್ನ ವಸ್ತು!"

"ಒಡೀರಿ ಅಂದಾಗಲೇ ಅದು ನಿಮ್ ಕೈಬಿಟ್ಟು ಹೋಯ್ತು," ಎಂದು ಪರದೆಯಮ್ಮ ಕೂತಲ್ಲಿಂದಲೇ ಕೂಗಿ ಹೇಳಿದಳು. ಸೊಸೆ ನಗು ತಡೆಯಲು ನೀರಿನ ಲೋಟ ಬಾಯಿಗಿಟ್ಟುಕೊಂಡಳು.

ಆಮೇಲೆ ಯಜಮಾನರ ತಟ್ಟೆಯನ್ನು ಅವಳೇ ಒಳಗೆ ಒಯ್ದಳು. ಅವರು ಬೇಡವೆಂದರು. ಅವಳು ಅನ್ನ ಕಲಸಿ ಚಮಚದಲ್ಲಿ ಬಾಯಿಗಿಟ್ಟಳು. ನಾಲ್ಕು ತುತ್ತು ಇಳಿದ ಮೇಲೆ ಅವರು ನಿಧಾನವಾಗಿ ಅಂದರು. "ಬೇರೆಯವರು ಹೊತ್ಕೊಂಡು ಹೋಗೋದನ್ನ ನಾನು ಇಲ್ಲಿ ಮಲಗಿ ನೋಡ್ಬೇಕಾ?"

"ಯಾಕೆ ಮಲಗಿ? ಅಷ್ಟೊತ್ತಿಗೆ ಎದ್ದು ಕೂರ್ತೀರ. ಕೆಳಗೆ ಗೇಟಲ್ಲಿ ಕುರ್ಚಿ ಹಾಕಿಸ್ತೀನಿ. ಕೂತ್ಕೊಂಡು ಎಲ್ರನ್ನೂ ಬೈಯಿರಿ. ಅದಕ್ಕೆ ಬೆನ್ನು ಬೇಕಾಗಿಲ್ಲ."

ಅವರಿಗೆ ನಗು ಬಂತು. ನಕ್ಕಿದ್ದಕ್ಕೆ ಬೆನ್ನು ನೊಂದು "ಅಯ್ಯೋ" ಎಂದರು. "ಆಸ್ಪತ್ರೆದು ಪೂರ್ತಿ ನಿಂಗೇ ಕೊಟ್ರಾ?" ಎಂದು ಕೇಳಿದರು ಇನ್ನೊಂದು ತುತ್ತು ಇಳಿದ ಮೇಲೆ.

"ಹೂಂ."

"ಬಟ್ಟೆ ಯಾವ ಬಣ್ಣ?"

"ತಿಳಿನೀಲಿ. ಮೊದಲು ಊಟ ಮುಗಿಸಿ, ಆಮೇಲೆ ತೋರಿಸ್ತೀನಿ."

ಮೇಸ್ತ್ರಿ ಮರುದಿನವೇ ಬಂದು, ಸಿಕ್ಕಿಕೊಂಡ ಹಲಗೆಯನ್ನು ಮೊದಲು ಜಾಗಕ್ಕೆ ಇಳಿಸಿದ. ಅಂಚಿನ ಉದ್ದಕ್ಕೂ ಬೆರಳಾಡಿಸಿ, "ಕಲ್ಲು ಬದುಕಿದೆ," ಎಂದ. ಪರದೆಯಮ್ಮ ಅವನ ಜೊತೆ ಚೌಕಾಸಿಗೆ ಕೂತಳು. ಬಟ್ಟೆ ಮಾರುವವರ ಜೊತೆ ಗುದ್ದಾಡಿ ಪಳಗಿದ ನಾಲಿಗೆ ಅವಳದು. ಮೇಸ್ತ್ರಿ ಇಳಿದ, ಅವಳು ಏರಿದಳು, ಚಹಾ ಮುಗಿಯುವಷ್ಟರಲ್ಲಿ ಒಪ್ಪಂದವಾಯಿತು.

"ಕಲ್ಲಿಗೆ ಏನು ಹೊದಿಸ್ತೀರ?"

"ಕಂಬಳಿ ಸುತ್ತಿ ಹಗ್ಗ ಕಟ್ಟೋದು."

"ಜಾರಲ್ವಾ?"

"ಜಾರತ್ತೆ. ಮತ್ತೆ ಕಟ್ತೀವಿ."

ಅವಳು ಮೂರು ಹಲಗೆಗಳ ಅಳತೆ ತೆಗೆದುಕೊಂಡಳು. ಬಿಸಿಲು ತಡೆಯುವ ದಪ್ಪ ಪರದೆಯ ಉಳಿಕೆ ತುಂಡುಗಳನ್ನು ಎರಡು ಪದರ ಮಾಡಿ, ನಡುವೆ ಹತ್ತಿ ತುಂಬಿ, ಮೂಲೆಗಳಿಗೆ ಇನ್ನಷ್ಟು ದಪ್ಪ ಕೊಟ್ಟು, ಹಲಗೆಗೊಂದರಂತೆ ಚೀಲ ಹೊಲಿದಳು. ಹೆಗಲಿಗೆ ಹಾಕಿ ಹೊರುವ ಪಟ್ಟಿ ತೂರಿಸಲು ಅಲ್ಲಲ್ಲಿ ಕುಣಿಕೆಯನ್ನೂ ಇಟ್ಟಳು. ಮನೆ ಬದಲಿಸುವ ದಿನ ಮೇಸ್ತ್ರಿ ಅದನ್ನು ನೋಡಿ ಕಡಲೇಬೀಜ ಅಗಿಯುವುದನ್ನೇ ನಿಲ್ಲಿಸಿದ.

"ಕಲ್ಲಿಗೆ ಅಂಗಿ ಹೊಲಿದಿದ್ದೀರಲ್ಲಮ್ಮಾ!"

ಆದರೆ ಅವತ್ತು ಬೆಳಗ್ಗೆಯೇ ಒಂದು ವಿಘ್ನ. ಮೇಸ್ತ್ರಿಯ ಕಡೆಯ ಇಬ್ಬರಲ್ಲಿ ಒಬ್ಬನೇ ಬಂದಿದ್ದ. ಇನ್ನೊಬ್ಬನಿಗೆ ಜ್ವರ.

"ಇನ್ನೊಂದು ದಿನ ಇಟ್ಕೊಳ್ಳೋಣ. ತಿರುವಲ್ಲಿ ಮೂವರು ಬೇಕೇ ಬೇಕು."

"ನಾಳೆ ಬಣ್ಣದವರು ಬರ್ತಾರೆ ಈ ಮನೆಗೆ. ನಾನೂ ನಾಳೆಯಿಂದ್ಲೇ ಕತ್ತರಿ ಹಿಡೀಬೇಕು," ಎಂದಳು ಪರದೆಯಮ್ಮ. ಗಂಡನ ಕಡೆ ನೋಡಲಿಲ್ಲ, ಮಗನ ಕಡೆ ನೋಡಿದಳು.

ಮಗ ಕನ್ನಡಕ ಒರೆಸಿಕೊಂಡ. ಆಮೇಲೆ ಅದನ್ನು ತೆಗೆದು ಜೇಬಿಗೆ ಹಾಕಿದ. "ನಾನು ಹಿಡೀತೀನಿ. ಎಲ್ಲಿ ನಿಲ್ಬೇಕು ಹೇಳಿ."

"ಕನ್ನಡಕ ಹಾಕ್ಕೊಳ್ಳಪ್ಪ ಮೊದಲು. ಮೆಟ್ಟಿಲು ಕಾಣಬೇಕು," ಎಂದ ಮೇಸ್ತ್ರಿ. ಅವನ ಹೆಗಲಿಗೆ ಪಟ್ಟಿ ತೊಡಿಸಿ, ಖಾಲಿ ಪ್ಲೈವುಡ್ಡು ಹಿಡಿಸಿ ಮೇಲಿಂದ ಕೆಳಗಿನವರೆಗೆ ಇಳಿಸಿ ಹತ್ತಿಸಿ ನೋಡಿದ. ಮಂಡಿ ಬಗ್ಗಿಸು, ಸೊಂಟ ಬಗ್ಗಿಸಬೇಡ ಎಂದು ತಿದ್ದಿದ. ಆದರೆ ನಡುವೆ ಮೂವರೂ ಒಟ್ಟಿಗೆ "ಆ ಕಡೆ", "ಈ ಕಡೆ", "ನಿಲ್ಲಿಸು" ಎಂದು ಕೂಗಿ, ಪ್ಲೈವುಡ್ಡು ಪಕ್ಕದ ಮನೆಯ ಬಾಗಿಲಿಗೆ ಬಡಿಯಿತು.

"ನಮ್ ವಾರ್ಡಲ್ಲಿ ರೋಗೀನ ಎತ್ತುವಾಗ ಒಬ್ರೇ ಮಾತಾಡೋದು," ಎಂದಳು ಸೊಸೆ. "ಉಳಿದವರ ಬಾಯಿಗೆ ಬೀಗ. ಇಲ್ದಿದ್ರೆ ರೋಗಿ ನೆಲಕ್ಕೆ."

ಮೇಸ್ತ್ರಿ ಅವಳನ್ನು ಮೇಲಿಂದ ಕೆಳಗೆ ನೋಡಿದ. "ಗಂಟಲು ಹೇಗಿದೆ ನಿಮ್ದು?"

"ನೈಟ್ ಡ್ಯೂಟೀಲಿ ಇಡೀ ವಾರ್ಡ್ ಎದ್ದು ಕೂರತ್ತೆ."

"ಹಾಗಾದ್ರೆ ನೀವೇ ಹೇಳಿ. ನಾನು ಹೇಗೆ ಅಂತ ಸನ್ನೆ ಮಾಡ್ತೀನಿ."

ಮೊದಲನೆಯ ಹಲಗೆ ಅಂಗಿ ತೊಟ್ಟು ನೆಟ್ಟಗೆ ನಿಂತಿತು. ಕೆಳಗೆ ಮೇಸ್ತ್ರಿ, ಮೇಲೆ ಅವನ ಆಳು, ಪಕ್ಕಕ್ಕೆ ಮಗ. ಸೊಸೆ ಹಿಮ್ಮುಖವಾಗಿ ಇಳಿಯುತ್ತ, "ಹೆಜ್ಜೆ... ನಿಲ್ಲಿ... ಹೆಜ್ಜೆ..." ಎಂದು ಹೇಳುತ್ತ ಹೋದಳು. ಪ್ರತಿ ಮಹಡಿಯಲ್ಲೂ ಬಾಗಿಲುಗಳು ತೆರೆದವು. ಯಾರೋ ಚಪ್ಪಲಿ ಗೂಡು ಒಳಗೆಳೆದುಕೊಂಡರು, ಯಾರೋ ಸೈಕಲ್ಲು ಸರಿಸಿದರು. ಗೇಟಿನ ಬಳಿ ಕುರ್ಚಿಯಲ್ಲಿ ಕೂತ ಯಜಮಾನರು, ಪಕ್ಕದಲ್ಲಿ ಬಾಯ್ಲರನ್ನು ನಿಲ್ಲಿಸಿಕೊಂಡು, ಅಡ್ಡ ಬಂದ ಸ್ಕೂಟರುಗಳನ್ನೆಲ್ಲ ಬೈದು ಅಟ್ಟುತ್ತಿದ್ದರು. ಹಲಗೆ ಲಾರಿ ಸೇರಿತು.

ಎರಡನೆಯದು ನಡುವಿನ ಹಲಗೆ. ಕೊನೆಯ ತಿರುವಿನಲ್ಲಿ ಮಗನ ಪಾದ ಮೆಟ್ಟಿಲಂಚಿಗೆ ಜಾರಿತು. ಹೆಗಲಿನ ಪಟ್ಟಿ ಸರಿಯಿತು. ಕಲ್ಲು ಗೋಡೆಗೆ ವಾಲಿಕೊಂಡು ಕೆಳಗಿನ ಮೇಸ್ತ್ರಿಯ ಎದೆಯ ಕಡೆ ಜಗ್ಗತೊಡಗಿತು.

"ನಿಲ್ಲಿ!" ಎಂದಳು ಸೊಸೆ. ಕಟ್ಟಡವೇ ನಿಂತಂತಾಯಿತು.

ಗೇಟಿನಲ್ಲಿ ಯಜಮಾನರು ಕುರ್ಚಿಯ ಕೈ ಊರಿ ಎದ್ದೇಬಿಟ್ಟಿದ್ದರು. ಮೆಟ್ಟಿಲಿನ ಕಡೆ ಒಂದು ಹೆಜ್ಜೆಯನ್ನೂ ಇಟ್ಟಿದ್ದರು.

"ಮಾವ, ಅಲ್ಲೇ!" ಎಂದು ಅವಳು ತಿರುಗಿಯೂ ನೋಡದೆ ಗದರಿದಳು. ಯಜಮಾನರು ಇದ್ದಲ್ಲೇ ನಿಂತರು. ಜನ್ಮದಲ್ಲಿ ಯಾರ ಮಾತಿಗೂ ಹಾಗೆ ನಿಂತವರಲ್ಲ.

ಪರದೆಯಮ್ಮ ಚೀಲ ಹೊಲಿದು ಉಳಿದ ಹತ್ತಿಯ ಮೂಟೆ ಹಿಡಿದು ಅವರ ಹಿಂದೆಯೇ ಇಳಿಯುತ್ತಿದ್ದಳು. ಮೆಟ್ಟಿಲಿನ ಕಂಬಿಯ ಪಕ್ಕದಲ್ಲಿ ನುಸುಳಿ, ಮೆಟ್ಟಿಲಿಗೂ ಕಲ್ಲಿಗೂ ನಡುವಿನ ಸಂದಿಗೆ ಮೂಟೆಯನ್ನು ಎರಡೂ ಕೈಯಿಂದ ತುರುಕಿದಳು. "ಇಳಿಸಿ. ಇದರ ಮೇಲೆ ಕೂರಿಸಿ."

"ಇಳಿಸಿ," ಎಂದಳು ಸೊಸೆ. ಕಲ್ಲು ಮೂಟೆಯ ಮೇಲೆ ಮೆತ್ತಗೆ ಕೂತಿತು.

ಮೇಸ್ತ್ರಿ ಹಣೆ ಒರೆಸಿಕೊಂಡ. ಪರದೆಯಮ್ಮ ಮಗನ ಪಟ್ಟಿಯನ್ನು ಹೆಗಲ ಮೇಲೆ ಸರಿಮಾಡಿ, ಮಡಿಸಿದ ಬಟ್ಟೆಯೊಂದನ್ನು ಅಡಿಗಿಟ್ಟಳು. "ಬೇಡ ಅನ್ಸಿದ್ರೆ ಬಿಡು. ಬೇರೆ ಯಾರನ್ನಾದ್ರೂ ಹುಡುಕೋಣ."

"ಬಿಡೋದಾ?" ಎಂದ ಮಗ. ಹಲ್ಲುಕಚ್ಚಿಕೊಂಡಿದ್ದ. "ಇಷ್ಟು ದೂರ ಬಂದ್ಮೇಲೆ ಯಾರಪ್ಪನಿಗೂ ಬಿಡಲ್ಲ."

"ಅಪ್ಪ ಇಲ್ಲೇ ಇದ್ದೀನಿ ಕಣೋ!" ಎಂದರು ಯಜಮಾನರು ಕೆಳಗಿಂದ. "ಹಿಡಿ ನೆಟ್ಟಗೆ! ಮಂಡಿ, ಮಂಡಿ ಬಗ್ಗಿಸು!"

"ಒಬ್ರೇ ಮಾತಾಡೋದು!" ಎಂದು ಇಡೀ ಮೆಟ್ಟಿಲು ಕೂಗಿತು, ಅಕ್ಕಪಕ್ಕದ ಮನೆಯವರೂ ಸೇರಿ.

ಎರಡನೆಯದು ಇಳಿಯಿತು. ಮೂರನೆಯದು ಅವರೆಲ್ಲರ ಕೈ ಪಳಗಿದ್ದರಿಂದ ಕುದುರೆಯಂತೆ ನಡೆದುಬಂತು. ಅದು ಬಿಸಿಲಿಗೆ ಬಂದು ಲಾರಿಯ ಮೇಲೆ ಕೂತಾಗ ಮೊದಲು ಚಪ್ಪಾಳೆ ಹೊಡೆದವರು ಯಜಮಾನರು. ಬೀದಿಯವರೆಲ್ಲ ಸೇರಿಕೊಂಡರು. ಮಗ ಗಟಗಟನೆ ಒಂದು ಬಾಟಲಿ ನೀರು ಕುಡಿದು, ತಂದೆಯ ಕುರ್ಚಿಯ ಪಕ್ಕ ನೆಲದ ಮೇಲೇ ಕೂತುಬಿಟ್ಟ. ಯಜಮಾನರು ಅವನ ತಲೆಗೂದಲನ್ನು ಕೆದರಿದರು.

ಹೊಸ ಮನೆಯ ಮುಂದಿನ ಕೋಣೆಯಲ್ಲಿ ಮೇಸ್ತ್ರಿ ಕಲ್ಲು ಕೂರಿಸಿ, ಮಟ್ಟ ನೋಡಿ, ಸಂದುಗಳಿಗೆ ಮೇಣ ತುಂಬಿ ಕೆರೆದು ನಯಮಾಡಿದ. ಆದರೆ ಹಳೆಯ ಹಸಿರು ಬಟ್ಟೆ ಹರಿದುಹೋಗಿತ್ತು. ಹೊಸ ಬಟ್ಟೆ ಅವನ ಲಾರಿಯಲ್ಲಿತ್ತು. ಹೊದಿಸುವವನೇ ಜ್ವರ ಹಿಡಿದು ಮಲಗಿದವನು.

"ನಾನು ಎಳೆದರೆ ಸುಕ್ಕಾಗತ್ತೆ. ನನ್ ಕೈ ಕಲ್ಲಿನ ಕೈ," ಎಂದ ಮೇಸ್ತ್ರಿ, ಆ ದಿನ ಮೊದಲ ಬಾರಿಗೆ ದನಿ ತಗ್ಗಿಸಿ.

"ಹೇಗೆ ಎಳೀತಾರೆ ಅವರು? ಹೇಳಿ."

"ನಡುವಿಂದ ತುದಿಗೆ. ಒಂದೇ ಸಮ ಬಿಗಿ. ಒಂದು ಕಡೆ ಜಾಸ್ತಿ ಆದ್ರೆ ಚೆಂಡು ಸೊಟ್ಟ ಓಡತ್ತೆ."

ಪರದೆಯಮ್ಮ ಬಟ್ಟೆಯನ್ನು ಬೆರಳುಗಳ ನಡುವೆ ಉಜ್ಜಿ ನೋಡಿದಳು, ನೇಯ್ಗೆ ಯಾವ ಕಡೆ ಹಿಗ್ಗುತ್ತದೆ ಎಂದು ಎಳೆದು ನೋಡಿದಳು. ಆಮೇಲೆ ಬರಿಗಾಲಲ್ಲಿ ಟೇಬಲ್ಲಿನ ಸುತ್ತ ನಡೆಯುತ್ತ ಕೆಲಸ ಶುರುಮಾಡಿದಳು. ಯಜಮಾನರು ಕುರ್ಚಿ ಎಳೆಸಿಕೊಂಡು ಪಿನ್ನಿನ ಡಬ್ಬಿ ಹಿಡಿದು ಕೂತರು. ಅವಳು ಕೈ ಚಾಚಿದಾಗಲೆಲ್ಲ ಒಂದೊಂದು ಕೊಟ್ಟರು. ಒಂದು ಕಡೆ ತಪ್ಪಿ ಪೂರ್ತಿ ಬಿಚ್ಚಿ ಮತ್ತೆ ಎಳೆಯಬೇಕಾಯಿತು. ಕೊನೆಗೆ ಮೇಸ್ತ್ರಿ ಮರದ ಅಂಚುಗಳನ್ನು ಮತ್ತೆ ಕೂಡಿಸಿ, ಬಿಳಿ ಚೆಂಡೊಂದನ್ನು ಈ ತುದಿಯಿಂದ ಉರುಳಿಸಿದ. ಅದು ಆ ತುದಿಗೆ ಹೋಗಿ ಬಡಿದು, ಹೋದ ದಾರಿಯಲ್ಲೇ ನೆಟ್ಟಗೆ ವಾಪಸು ಬಂದು ಅವನ ಅಂಗೈ ಸೇರಿತು.

ಮೇಸ್ತ್ರಿ ಜೇಬಿಗೆ ಕೈಹಾಕಿ, ಉಳಿದ ಕಡಲೇಬೀಜವನ್ನೆಲ್ಲ ಪರದೆಯಮ್ಮನ ಕೈಗೆ ಸುರಿದ.

ಟೇಬಲ್ಲಿನ ಮೇಲೆ ಪ್ಲೈವುಡ್ಡು ಹಾಸಿ ಅವಳು ಆಸ್ಪತ್ರೆಯ ಬಟ್ಟೆ ಬಿಡಿಸಿದಳು. ಮುಂದಿನ ವಾರಗಳಲ್ಲಿ ಆ ಮನೆಯಲ್ಲಿ ಅಡುಗೆ ಮಾಡಿದ್ದು ಮಗ. ಬೇಳೆ ಒಂದು ದಿನ ಸೀಯಿತು, ಒಂದು ದಿನ ಬೇಯಲಿಲ್ಲ. ಯಾರೂ ಗೊಣಗಲಿಲ್ಲ. ಸೊಸೆ ಡ್ಯೂಟಿ ಮುಗಿಸಿ ಬಂದು ಅಂಚು ಮಡಿಸಿದಳು. ಯಜಮಾನರು ಪರದೆಗೆ ಉಂಗುರ ಪೋಣಿಸಿದರು. ಆಸ್ಪತ್ರೆ ತೆರೆಯುವ ಮುನ್ನಾ ದಿನ ನಾಲ್ವರೂ ಹೋಗಿ ಪರದೆ ಏರಿಸಿದರು. ಉದ್ದನೆಯ ವಾರ್ಡಿನಲ್ಲಿ ಪರದೆಯಮ್ಮ ಒಂದೊಂದನ್ನೂ ಎಳೆದು ಬಿಟ್ಟು ನೋಡಿದಳು. ಒಂದೂ ತೊಡರಲಿಲ್ಲ. ದೊಡ್ಡ ಡಾಕ್ಟರಮ್ಮ ಬಂದು, "ಯಾರ ಅಂಗಡಿದು?" ಎಂದು ಕೇಳಿದಳು. "ಅಂಗಡಿ ಇಲ್ಲ. ನಂದೇ," ಎಂದಳು ಪರದೆಯಮ್ಮ. ಡಾಕ್ಟರಮ್ಮ ನಂಬರು ಬರೆದುಕೊಂಡಳು.

ಮನೆಗೆ ಬಂದವರೇ ಪ್ಲೈವುಡ್ಡು ತೆಗೆದು, ಮಂಚದ ಕೆಳಗಿನ ಚೆಂಡಿನ ಡಬ್ಬಿ ಹೊರಗೆಳೆದು ಆಟಕ್ಕೆ ನಿಂತರು. ಪರದೆಯಮ್ಮ ಮೊದಲ ಹೊಡೆತಕ್ಕೆ ಬಿಳಿ ಚೆಂಡನ್ನೇ ಗುಂಡಿಗೆ ಹಾಕಿದಳು. ಮಗ "ಫೌಲ್" ಎಂದ. ಯಜಮಾನರು "ಅವಳ ಟೇಬಲ್ಲು, ಅವಳ ರೂಲು" ಎಂದು ಅವನ ಬಾಯಿ ಮುಚ್ಚಿಸಿದರು.

ಕೆಲವು ದಿನಗಳ ಮೇಲೆ ಮೇಸ್ತ್ರಿಯ ಫೋನು ಬಂತು. ಊರಾಚೆಯ ಕ್ಲಬ್ಬೊಂದರಲ್ಲಿ ಸಾಲು ಟೇಬಲ್ಲುಗಳಿಗೆ ಹೊಸ ಬಟ್ಟೆ ಹೊದಿಸಬೇಕು. ಅವನ ಆಳು ಬೇರೆ ಕೆಲಸ ಹಿಡಿದು ಹೋಗಿದ್ದ. "ನೀವು ಬರ್ತೀರಾ ಅಮ್ಮಾ? ಕೂಲಿ ನೀವು ಹೇಳಿದ್ದೇ."

"ನಾನು ಹೇಳೋದನ್ನ ಕೇಳಿ ಆಮೇಲೆ ಆ ಮಾತು ಹೇಳಿ," ಎಂದಳು ಪರದೆಯಮ್ಮ, ಮತ್ತು ಹೇಳಿದಳು. ಆ ಕಡೆ ಮೇಸ್ತ್ರಿ ಕೆಮ್ಮಿದ. ಆದರೆ ಒಪ್ಪಿದ.

ಲಾರಿಯ ಮುಂದಿನ ಸೀಟಿನಲ್ಲಿ ಮೇಸ್ತ್ರಿಯ ಪಕ್ಕ ಅವಳು, ಅವಳ ಪಕ್ಕ ಪಿನ್ನಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡ ಯಜಮಾನರು. ಕ್ಲಬ್ಬಿನ ಮ್ಯಾನೇಜರು ಬಾಗಿಲಲ್ಲೇ ಎದುರಾದ. ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಅವನ ಹಿಂದೆ ಒಂದು ಟೇಬಲ್ಲಿನ ಬಟ್ಟೆಯನ್ನು ಯಾರೋ ಅರ್ಧ ಕಿತ್ತಿದ್ದರು.

"ನಿಜ ಹೇಳ್ಬೇಕಂದ್ರೆ ನಾವೇ ಮಾಡ್ಕೊಳ್ಳೋಣ ಅಂತಿದ್ವಿ," ಎಂದ ಅವನು. "ಇದ್ರಲ್ಲಿ ಏನಿದೆ ಮಹಾ? ಬಟ್ಟೆ ಎಳೆಯೋದು, ಪಿನ್ ಹೊಡೆಯೋದು."

ಮೇಸ್ತ್ರಿ ಬಾಯಿ ತೆರೆಯುವಷ್ಟರಲ್ಲಿ ಯಜಮಾನರು ಮುಂದೆ ಬಂದರು.

"ನಾನೂ ಹೀಗೇ ಅಂದಿದ್ದೆ ಸ್ವಾಮಿ," ಎಂದರು ಬಲು ಮರ್ಯಾದೆಯಿಂದ. "ಮಂಚದ ಮೇಲೆ ಬಿದ್ಕೊಂಡು ಹೆಂಡ್ತಿ ಕೈಲಿ ತುತ್ತು ತಿನ್ನಿಸ್ಕೊಂಡೆ. ಸುಖವಾಗೇ ಇತ್ತು. ನಿಮಗೂ ಬೇಕಿದ್ರೆ ಎಳೆದು ನೋಡಿ."

ಮ್ಯಾನೇಜರು ಪಕ್ಕಕ್ಕೆ ಸರಿದ. ಪರದೆಯಮ್ಮ ಚಪ್ಪಲಿ ಬಿಟ್ಟು ಒಳಗೆ ನಡೆದಳು. ಸಾಲಾಗಿ ನಿಂತ ಟೇಬಲ್ಲುಗಳನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಅರ್ಧ ಕಿತ್ತ ಬಟ್ಟೆಯ ತುದಿ ಹಿಡಿದು ಒಂದೇ ಎಳೆತಕ್ಕೆ ಪೂರ್ತಿ ತೆಗೆದು ಬದಿಗೆಸೆದಳು.

"ಕಿಟಕಿ ತೆಗೆಸಿ," ಎಂದಳು. "ನನಗೆ ಬೆಳಕು ಬೇಕು."